ಹ್ಞೂಂ ಎನ್ನುವ ಕ್ಯಾಸೆಟ್ಟು

ಒಂದು ಕಾಲದಲ್ಲಿ ನಾನು ಮೌನದ ವಿಷಯದಲ್ಲಿ ಪಂಡಿತನಾಗಿದ್ದೆ. ಗುಹೆಯಲ್ಲಿ ಕೂತು ಸಾಧಿಸುವ ಮೌನವಲ್ಲ. ಅದಕ್ಕೆ ಬೇರೆ ಪಂಡಿತರಿದ್ದಾರೆ. ನನ್ನದು ಪ್ರಾಥಮಿಕ ಶಾಲೆಯ ಮೌನ. ಮೇಷ್ಟ್ರು ಪ್ರಶ್ನೆ ಕೇಳಿದ ಮೇಲೆ, ಮಗು ಬಾಯಿ ಬಿಡುವ ಮೊದಲು, ನಡುವೆ ಒಂದಿಷ್ಟು ಹೊತ್ತು ಇರಬೇಕಲ್ಲ, ಆ ಹೊತ್ತು. ಹೆಚ್ಚಿನ ಮೇಷ್ಟ್ರುಗಳು ಅದನ್ನು ಕೊಡುವುದೇ ಇಲ್ಲ. ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ಉಸಿರಿನಲ್ಲಿ ತಾವೇ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಸ್ವಲ್ಪ ತಾಳಿದರೆ ಮಗುವೇ ಹೇಳುತ್ತದೆ ಎಂಬ ಸರಳ ಸಂಗತಿಯನ್ನು ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಬರೆದು ನಾನು ಡಾಕ್ಟರಾದೆ. ಕೊರಳಲ್ಲಿ ಸ್ಟಾಪ್‌ವಾಚು ತೂಗುಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ವರ್ಷಗಟ್ಟಲೆ ಕೂತೆ. ಮಕ್ಕಳು ನನ್ನನ್ನು ಓಟದ ಪಂದ್ಯದ ಅಧಿಕಾರಿ ಎಂದು ತಿಳಿದು, ಊಟದ ಬಿಡುವಿನಲ್ಲಿ ನನ್ನ ಮುಂದೆ ಓಡಿ ತೋರಿಸುತ್ತಿದ್ದರು.

ನನ್ನ ದೊಡ್ಡವ್ವನಿಗೆ ಈ ಉದ್ಯೋಗವನ್ನು ವಿವರಿಸುವುದು ಕಷ್ಟವಾಗಿತ್ತು. ತಾಯಿ ಹೋದ ಮೇಲೆ ಹೊಸಪೇಟೆಯ ಮನೆಯಲ್ಲಿ ನನ್ನನ್ನು ಬೆಳೆಸಿದವಳು ಅವಳೇ. ರಜೆಗೆ ಬಂದಾಗಲೆಲ್ಲ ಕೇಳುತ್ತಿದ್ದಳು:

"ಅಂದ್ರ, ಅವರು ಎಷ್ಟೊತ್ತು ಸುಮ್ಮನಿರ್ತಾರ ಅಂತ ನೋಡೂದು?"

"ಹೌದು."

"ಅದಕ್ಕ ಪಗಾರ ಕೊಡ್ತಾರ?"

"ಕೊಡ್ತಾರ."

"ಶಿವನೇ," ಎಂದು ಅವಳು ಹಣೆಯ ಈಬತ್ತಿ ಸರಿಪಡಿಸಿಕೊಂಡು, "ನಿಮ್ಮ ದೊಡ್ಡಪ್ಪ ಬರಬೇಕಿತ್ತು ನಿಮ್ಮ ಯೂನಿವರ್ಸಿಟಿಗೆ. ಮದುವಿ ಆದಾಗಿಂದ ಸುಮ್ಮನ ಕುಂತಾರ" ಎನ್ನುತ್ತಿದ್ದಳು. ದೊಡ್ಡಪ್ಪ ಪಡಸಾಲೆಯಲ್ಲಿ ಕೂತು ಇದನ್ನೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ನಡುವೆ ನಾನು ಆ ಪಗಾರವನ್ನು ಬಿಟ್ಟು ಊರಿಗೆ ಬಂದೆ. ಕಾರಣ ಕೇಳಿದವರಿಗೆಲ್ಲ ಗಂಭೀರವಾದ ಕಾರಣಗಳನ್ನು ಕೊಟ್ಟಿದ್ದೇನೆ. ನಿಜವಾದದ್ದು ಇಷ್ಟೇ: ನನ್ನ ಪ್ರಬಂಧಗಳನ್ನು ಓದಿದ ಜನರೆಲ್ಲ ಒಂದೇ ಜೀಪಿನಲ್ಲಿ ಹಿಡಿಸುತ್ತಿದ್ದರು, ಮತ್ತು ಅವರಲ್ಲಿ ಯಾರೂ ಮಕ್ಕಳಿಗೆ ಪಾಠ ಹೇಳುವವರಾಗಿರಲಿಲ್ಲ. ಅದೇ ಹೊತ್ತಿಗೆ ಊರ ಪಕ್ಕದ ಟಿ.ಬಿ. ಡ್ಯಾಮಿನಲ್ಲಿ, ಹಳೆಯ ಕಾಲುವೆ ಕಚೇರಿಯ ಉಗ್ರಾಣವೊಂದರಲ್ಲಿ, ಓದು ಬಾರದ ದೊಡ್ಡವರಿಗಾಗಿ ಕ್ಯಾಸೆಟ್ಟಿನಲ್ಲಿ ಪಾಠ ತಯಾರಿಸುವ ಒಂದು ಸಣ್ಣ ಘಟಕ ಶುರುವಾಗಿತ್ತು. ಬಾಗಿಲ ಮೇಲೆ "ಶೈಕ್ಷಣಿಕ ತಂತ್ರಜ್ಞಾನ" ಎಂದು ಬೋರ್ಡಿತ್ತು. ಒಳಗಿದ್ದ ತಂತ್ರಜ್ಞಾನವೆಂದರೆ ಎರಡು ಟೇಪ್ ರೆಕಾರ್ಡರು, ಸದ್ದು ತಡೆಯಲು ಗೋಡೆಗೆ ಬಡಿದ ಗೋಣಿಚೀಲಗಳು, ಮತ್ತು ಮುಚ್ಚದ ಒಂದು ಕಿಟಕಿ. ಕಾಲುವೆಯ ಸದ್ದು ನಮ್ಮ ಪ್ರತಿ ಪಾಠದಲ್ಲೂ ಇರುತ್ತಿತ್ತು.

ಘಟಕದ ಮುಖ್ಯಸ್ಥರು ಕಾಲುವೆ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರು. ಜ್ಞಾನಕ್ಕೂ ನೀರಿಗೂ ಅವರು ಭೇದ ಎಣಿಸುತ್ತಿರಲಿಲ್ಲ. ಮೊದಲನೆಯ ದಿನ ನನ್ನ ಪ್ರಬಂಧಗಳ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ ಹೇಳಿದರು:

"ಡಾಕ್ಟ್ರೇ, ಮೇಲಿನ ರೈತಗ ನೀರು ಯಾರು ಬೇಕಾದ್ರೂ ಕೊಡ್ತಾರ. ಟೇಲ್ ಎಂಡಿಗೆ ಮುಟ್ಟತೈತೇನು? ಅದನ್ನ ಹೇಳ್ರಿ."

ಟೇಲ್ ಎಂಡ್ ಎಂದರೆ ಕಾಲುವೆಯ ಬಾಲ. ಮೇಲಿನವರೆಲ್ಲ ಭತ್ತಕ್ಕೆ ಹಾಯಿಸಿಕೊಂಡ ಮೇಲೆ ಉಳಿದದ್ದು ಸಿಗುವ ಜಾಗ. ಇನ್ನೂ ಪರೀಕ್ಷಿಸಬೇಕಾಗಿದೆ ಎಂದೆ, ವಿಶ್ವವಿದ್ಯಾಲಯದಲ್ಲಿ ಕಲಿತ ಉತ್ತರವನ್ನೇ ಕೊಡುತ್ತ.

ನನ್ನ ಟೇಲ್ ಎಂಡ್ ಮನೆಯಲ್ಲೇ ಇತ್ತು. ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ಬಾರದೆ ಅವಳಿಗೆ ಯಾವ ಕೊರತೆಯೂ ಆದಂತೆ ಕಾಣುತ್ತಿರಲಿಲ್ಲ. ಅವಳ ಮಗಳನ್ನು ಸಂಡೂರಿಗೆ ಕೊಟ್ಟಿತ್ತು. ಅಳಿಯ ಅದಿರಿನ ಗಣಿಯ ಆಫೀಸಿನಲ್ಲಿದ್ದ. ಅಲ್ಲೊಂದು ಮೊಮ್ಮಗಳು ಹುಟ್ಟಿ, ತೊಟ್ಟಿಲು ದಾಟಿ, ನಡೆಯಲು ಕಲಿಯುತ್ತಿತ್ತು. ದೊಡ್ಡವ್ವ ಸೋಮವಾರದ ಪೂಜೆ ಮುಗಿಸಿ, ಅಳ್ಳಿಟ್ಟಿನ ಉಂಡೆ ಕಟ್ಟಿಕೊಂಡು, ಒಬ್ಬಳೇ ಬಸ್ಸು ಹತ್ತಿ ಹೋಗಿ ಸಂಜೆಯೊಳಗೆ ಬರುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೂ "ಇದು ಎಲ್ಲಿಗೆ ಹೋಗತೈತಿ" ಎಂದು ಕೇಳಿದವಳಲ್ಲ. ಕೇಳಿದರೆ ಓದು ಬಾರದವಳೆಂದು ತಿಳಿಯುತ್ತದೆ. ಬೋರ್ಡಿನ ಬದಲು ಅವಳು ಧೂಳು ನೋಡುತ್ತಿದ್ದಳು. ಹಿಂದಿನ ಏಣಿ, ಗಾಜು, ಟೈರುಗಳ ಮೇಲೆ ಕುಂಕುಮದಂಥ ಅದಿರಿನ ಧೂಳು ಕೂತಿದ್ದರೆ ಸಂಡೂರು. ಕರಿ ಕೆಸರು, ನಡುವೆ ಭತ್ತದ ಹೊಟ್ಟು ಅಂಟಿದ್ದರೆ ಕಂಪ್ಲಿ. ಕ್ಯಾಮೆರಾ ನೇತುಹಾಕಿಕೊಂಡ ಜನ ಕಿಟಕಿಯಲ್ಲಿ ಕಂಡರೆ ಹಂಪಿ. ಇದು ಎಂದೂ ತಪ್ಪಿರಲಿಲ್ಲ.

ತಪ್ಪಿದ್ದು ಒಂದು ಮಳೆಗಾಲದಲ್ಲಿ. ಹಿಂದಿನ ದಿನ ಬಿದ್ದ ಮಳೆ ಸಂಡೂರಿನ ಬಸ್ಸನ್ನು ಮದುವಣಗಿತ್ತಿಯ ಹಾಗೆ ತೊಳೆದಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಬಸ್ಸು ಹಿಂದಿನ ದಿನ ಶೆಡ್ಡಿನೊಳಗೆ ಮಲಗಿದ್ದು ಮೈಗೆ ಮಳೆ ತಾಗಿಸಿಕೊಳ್ಳದೆ, ಎಲ್ಲಿಯೋ ಹತ್ತಿಸಿಕೊಂಡ ಕೆಂಪು ಧೂಳಿನೊಂದಿಗೆ ನಿಂತಿತ್ತು. ದೊಡ್ಡವ್ವ ಹಿಂದೆಮುಂದೆ ನೋಡದೆ ಅದನ್ನು ಹತ್ತಿದಳು. "ಸಂಡೂರು" ಎಂದು ಟಿಕೆಟ್ ಕೇಳುವ ಹೊತ್ತಿಗೆ ಬಸ್ಸು ಊರು ಬಿಟ್ಟಿತ್ತು. ಕಂಡಕ್ಟರು ಬಸ್ಸಿಗೆಲ್ಲ ಕೇಳುವ ಹಾಗೆ, "ಬೋರ್ಡ್ ನೋಡಿ ಹತ್ತಬಾರದೇನಬೇ?" ಎಂದ. ಮರಿಯಮ್ಮನಹಳ್ಳಿಯಲ್ಲಿ ಇಳಿದು, ಲಾರಿಗಳು ನಿಲ್ಲುವ ಕಡೆ ಮಳೆಯಲ್ಲಿ ಕಾದು, ಯಾವುದೋ ಗಾಡಿ ಹಿಡಿದು ಮನೆಗೆ ಬಂದಾಗ ಅವಳ ಸೆರಗಿನಲ್ಲಿದ್ದ ಉಂಡೆಗಳು ಕರಗಿ ಅಂಬಲಿಯಾಗಿದ್ದವು.

ಅವಳ ಮಗ, ನನಗೆ ಅಣ್ಣ, ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿಯವನು. ಕಾಲುವೆ ಬಂದ ಮೇಲೆ ಊರಿನಲ್ಲಿ ಏಳಿಗೆಯಾದ ಜನರಲ್ಲಿ ಒಬ್ಬ. ಒಳ್ಳೆಯವನು, ಆದರೆ ಒಳ್ಳೆಯತನವನ್ನು ಆಜ್ಞೆಯ ರೂಪದಲ್ಲೇ ತೋರಿಸುತ್ತಿದ್ದ.

"ಇನ್ನ ಮ್ಯಾಲೆ ಒಬ್ಬಾಕೀನ ಹೋಗೂದು ಬ್ಯಾಡ. ನಾ ಕರ್ಕೊಂಡು ಹೋಗ್ತೀನಿ."

"ಯಾವಾಗ?"

"ಅಂಗಡಿ ಸ್ವಲ್ಪ ಹಗುರ ಆಗಲಿ."

"ನಿನ್ನ ಅಂಗಡಿ ಹಗುರ ಆಗೂದರಾಗ ಆ ಕೂಸು ಮದುವಿ ಆಗತೈತಿ ಲೇ."

"ಹಂಗಾದ್ರ ಬೋರ್ಡ್ ಓದಾಕ ಕಲಿ. ನನ್ನ ಮುಂದ ಓದಿ ತೋರಿಸು. ಆಮ್ಯಾಲೆ ಕಾಶೀಗೆ ಹೋಗು, ನಾ ಕೇಳಂಗಿಲ್ಲ."

ಮಗ ಅದನ್ನು ಮಾತಿಗೆ ಹೇಳಿದ್ದ. ಅವಳು ಹಿಡಿದುಕೊಂಡಳು. ಸೋಮವಾರಗಳು ಬಂದು ಹೋದವು, ಅಂಗಡಿ ಹಗುರವಾಗಲಿಲ್ಲ. ಮೊಮ್ಮಗಳಿಗೆ ಮಾತು ಬಂದದ್ದು, ಗೋಡೆ ಬಿಟ್ಟು ನಡೆದದ್ದು, ಎಲ್ಲವೂ ಯಾರೋ ತಂದ ಸುದ್ದಿಯಾಗಿ ಬಂದವು. ಒಂದು ದಿನ ಅವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಬೇರೆ ಯಾರಿಗೋ ಎಂಬಂತೆ ಕೇಳಿದಳು:

"ನಿಮ್ಮ ಆಫೀಸಿನ್ಯಾಗ ಅದೇನೋ ಡಬ್ಬಿ ಐತಂತಲ್ಲ, ಓದಾಕ ಕಲಸೂದು?"

ನಮ್ಮ ಮೊದಲ ಕ್ಯಾಸೆಟ್ಟು ಆಗ ತಾನೇ ಸಿದ್ಧವಾಗಿತ್ತು. ಅದರಲ್ಲಿದ್ದದ್ದು ನನ್ನದೇ ಧ್ವನಿ, ಏಕೆಂದರೆ ಕಲಾವಿದರನ್ನು ಕರೆಸುವ ಚೈತನ್ಯ ಘಟಕಕ್ಕೆ ಇರಲಿಲ್ಲ. ಮೌನ ಮಾತ್ರ ಅತ್ಯುತ್ತಮ ದರ್ಜೆಯದು. ಪ್ರತಿ ಪ್ರಶ್ನೆಯ ನಂತರ ನಾನು ಇಷ್ಟು ವರ್ಷ ಅಳೆದು ತಿಳಿದಷ್ಟೇ ವಿರಾಮವನ್ನು, ಸ್ಟಾಪ್‌ವಾಚು ನೋಡಿಕೊಂಡು, ತೂಕದ ಬಂಗಾರದ ಹಾಗೆ ಬಿಟ್ಟಿದ್ದೆ. ಜೊತೆಗೆ ದೊಡ್ಡ ಅಕ್ಷರದ ರಟ್ಟಿನ ಕಾರ್ಡುಗಳು. ಆನೆ, ಅರಸು ಎಲ್ಲ ಬದಿಗಿಟ್ಟು ಊರಿನ ಹೆಸರುಗಳನ್ನೇ ಬರೆಸಿದ್ದೆ.

ಟೇಪ್ ರೆಕಾರ್ಡರನ್ನು ಮನೆಗೆ ತಂದು ಗುಂಡಿ ಒತ್ತಿದೆ. ದೊಡ್ಡವ್ವ ಸೆರಗು ಹೊದ್ದು, ಬೀಗರ ಮುಂದೆ ಕೂರುವ ಹಾಗೆ ಕೂತಳು.

"ಮೊದಲನೆಯ ಕಾರ್ಡನ್ನು ಎತ್ತಿಕೊಳ್ಳಿ," ಎಂದಿತು ಡಬ್ಬಿಯೊಳಗಿನ ನಾನು. "ಇದು ಹಂಪಿ. ಮೊದಲನೆಯ ಅಕ್ಷರ ಯಾವುದು?"

ವಿರಾಮ.

"ಹ್ಞೂಂ," ಎಂದಳು ದೊಡ್ಡವ್ವ.

"ಸರಿ. ಈಗ ಎರಡನೆಯ ಅಕ್ಷರವನ್ನು ನೋಡಿ. ಅದು ಯಾವುದು?"

"ಹ್ಞೂಂ."

ಪಾಠದ ಕೊನೆಯವರೆಗೂ ಹೀಗೇ. ನನ್ನ ಪ್ರತಿಯೊಂದು ಬಂಗಾರದ ವಿರಾಮಕ್ಕೂ ಅವಳು ಒಂದು ಹ್ಞೂಂ ಹಾಕಿ ಕಾದಳು. ಮುಗಿದ ಮೇಲೆ ನಾನು ಕೇಳಿದೆ:

"ಉತ್ತರ ಯಾಕ ಹೇಳಲಿಲ್ಲ ದೊಡ್ಡವ್ವ?"

"ಉತ್ತರ? ಅಂವಾ ಹೇಳಾಕ ಹತ್ಯಾನ, ನಡುವ ನಾ ಬಾಯಿ ಹಾಕಲೇನು? ನಿಂತು ನಿಂತು ಹೇಳ್ತಾನ ಪಾಪ, ದಮ್ಮು ಇದ್ದಂಗೈತಿ. ಅದಕ್ಕ ಹ್ಞೂಂ ಅಂದೆ." ಸ್ವಲ್ಪ ಯೋಚಿಸಿ ಸೇರಿಸಿದಳು: "ಯಾರವಾ? ಭಾಳ ಓದಿದವನಿದ್ದಂಗದಾನ."

ಅದು ನಾನೇ ಎಂದು ಹೇಳುವ ಧೈರ್ಯವಾಗಲಿಲ್ಲ.

ಇದು ಒಬ್ಬಳ ವಿಚಿತ್ರವಿರಬಹುದೆಂದು ಕ್ಯಾಸೆಟ್ಟನ್ನು ಕಂಪ್ಲಿಗೆ ಒಯ್ದೆ. ಅಕ್ಕಿ ಗಿರಣಿಯೊಂದರ ಕಣದಲ್ಲಿ ಮಧ್ಯಾಹ್ನದ ಬಿಡುವಿಗೆ ಕೂತ ಹೆಂಗಸರ ಮುಂದೆ ಹಚ್ಚಿದೆ. ಅಲ್ಲಿ ಹ್ಞೂಂ ಒಕ್ಕೊರಲಿನಿಂದ ಬಂತು. ಒಬ್ಬಾಕೆಯಂತೂ ಕಣ್ಣೊರೆಸಿಕೊಂಡು, "ಮುಂದ ಏನಾತ್ರಿ?" ಎಂದಳು. ಏನೂ ಆಗುವುದಿಲ್ಲ ತಾಯಿ, ಮುಂದೆ "ಪ"ಕಾರ ಬರುತ್ತದೆ, ಎಂದು ಹೇಗೆ ಹೇಳಲಿ?

ಮುಖ್ಯಸ್ಥರಿಗೆ ವರದಿ ಒಪ್ಪಿಸಿದೆ. ಸಾಂಸ್ಕೃತಿಕವಾಗಿ ಇದೊಂದು ಬಹಳ ಆಸಕ್ತಿಕರ ಫಲಿತಾಂಶ ಎಂದೆ.

"ಫಲಿತಾಂಶ ಅಲ್ರಿ ಡಾಕ್ಟ್ರೇ," ಎಂದರು ಅವರು. "ಸೋರಿಕಿ. ನೀರು ಬಿಟ್ಟೀರಿ, ಗದ್ದಿಗೆ ಮುಟ್ಟಿಲ್ಲ. ಎಲ್ಲಿ ಸೋರತೈತಿ, ನೋಡ್ರಿ."

ಆ ಒಂದು ಮಾತಿನಲ್ಲಿ ನನ್ನ ಹಳೆಯ ವೃತ್ತಿ ಮುಗಿದು ಹೊಸದು ಶುರುವಾಯಿತು ಎಂದು ಈಗ ಅನ್ನಿಸುತ್ತದೆ. ವಿಶ್ವವಿದ್ಯಾಲಯದಲ್ಲಿ ಮಗು ಉತ್ತರ ಕೊಡದಿದ್ದರೆ ಅದನ್ನು ಬರೆದುಕೊಂಡು ಊಟಕ್ಕೆ ಹೋಗಬಹುದಿತ್ತು. ಉತ್ತರ ಕೊಡದಿರುವ ಮಗು ಕೊಡುವ ಮಗುವಿಗಿಂತ ಹೆಚ್ಚು ಪುಟ ತುಂಬಿಸುತ್ತದೆ ಕೂಡ. ಇಲ್ಲಿ ಊಟಕ್ಕೆ ಮನೆಗೆ ಹೋದರೆ ರೊಟ್ಟಿ ಬಡಿಯುತ್ತ ದೊಡ್ಡವ್ವ ಕೂತಿರುತ್ತಿದ್ದಳು, ಮತ್ತು ಅದು ಇನ್ನೊಂದು ಸೋಮವಾರವಾಗಿರುತ್ತಿತ್ತು.

ಸೋರುವ ಜಾಗ ನನಗೆ ಗೊತ್ತಿರಲೇಬೇಕಿತ್ತು. ಬಾಲ್ಯದಲ್ಲಿ ಅವಳು ನನಗೆ ಕತೆ ಹೇಳುತ್ತಿದ್ದಾಗ ಒಂದು ಕರಾರಿತ್ತು: ನಾನು ಹ್ಞೂಂ ಎನ್ನುತ್ತಿರಬೇಕು. ಹ್ಞೂಂ ನಿಂತರೆ ಕತೆ ನಿಲ್ಲುತ್ತದೆ. ರಾಜಕುಮಾರ ಬಾವಿಗೆ ಇಳಿದಿರಲಿ, ಹಾವು ಹೆಡೆ ಎತ್ತಿರಲಿ, ನನ್ನ ಹ್ಞೂಂ ಬರುವ ತನಕ ಹಾವು ಹೆಡೆ ಎತ್ತಿಕೊಂಡೇ ಇರಬೇಕು. ಹೇಳುವವರು ಬಿಡುವ ವಿರಾಮ ಕೇಳುವವರ ಹ್ಞೂಂಗಾಗಿಯೇ ಇರುವುದು. ನಮ್ಮ ಸೀಮೆಯಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತು. ನಾನು ಬಿಟ್ಟ ವಿರಾಮದೊಳಗೆ ಅವರು ಮರ್ಯಾದೆಯಿಂದ ತಮ್ಮ ಪಾಲಿನದನ್ನು ಇಟ್ಟಿದ್ದರು. ತಪ್ಪೇನು? ಕತೆ ಹೇಳುವ ಜಾಗದಲ್ಲಿ ಡಬ್ಬಿ ಕೂತಿತ್ತು.

ಹಾಗಾದರೆ ಡಬ್ಬಿಯನ್ನು ಈ ಕಡೆ ಕೂರಿಸಬೇಕು. ಅವಳು ಹೇಳಲಿ, ಅದು ಹ್ಞೂಂ ಎನ್ನಲಿ.

ಹೊಸ ಕ್ಯಾಸೆಟ್ಟಿಗಾಗಿ ನಾನು ಗೋಣಿಚೀಲಗಳ ನಡುವೆ ಕೂತು ಒಂದು ಇಡೀ ಮುಂಜಾನೆ ಹ್ಞೂಂ ಎಂದೆ. ಬೇಸರದ ಹ್ಞೂಂ ಬರಬಾರದು, ಮೇಲಧಿಕಾರಿಯ ಹ್ಞೂಂ ಬರಬಾರದು. ಹಾವು ಹೆಡೆ ಎತ್ತಿದಾಗಿನ ಹ್ಞೂಂ ಬೇಕು. ನಡುನಡುವೆ ಒಂದು "ಆಮ್ಯಾಲೆ?" ಹಾಕಿದೆ. ಕೊನೆಯಲ್ಲಿ ಮಾತ್ರ ಕಾರ್ಡುಗಳ ಸಾಲನ್ನು ಒಂದು ಸಲ ಸರಿಯಾಗಿ ಓದಿದೆ, ತಪ್ಪಿದ್ದರೆ ತಿದ್ದಿಕೊಳ್ಳಲು. ಮುಖ್ಯಸ್ಥರು ಪೂರ್ತಿ ಕೇಳಿ, ಕ್ಯಾಸೆಟ್ಟನ್ನು ತಿರುವಿ ಕೇಳಿ, ಕನ್ನಡಕ ತೆಗೆದರು.

"ಇದರಾಗ ಪಾಠ ಎಲ್ಲೈತ್ರಿ?"

"ಪಾಠ ಕೇಳುವವರ ಹತ್ತಿರ ಇರ್ತದೆ ಸರ್."

"ಮ್ಯಾಲಿನವರಿಗೆ ಏನಂತ ಬರೀಲಿ? ಡಾಕ್ಟ್ರು ನೌಕರಿ ಬಿಟ್ಟು ಬಂದು ಹ್ಞೂಂ ಅಂದ್ರು ಅಂತ?" ಕಿಟಕಿಯಾಚೆ ಕಾಲುವೆ ನೋಡಿದರು. "ಇರ್ಲಿ. ಕೆಲವು ಕಡೆ ನೀರು ತಾನ ಹರೀತೈತಿ, ನಾವು ಬಾಗಿಲ ಮುಂದ ನಿಂತಿರಬಾರದು ಅಷ್ಟ. ಹಚ್ಚಿ ನೋಡ್ರಿ."

ದೊಡ್ಡವ್ವನ ಮುಂದೆ ಹಚ್ಚಿದೆ. ಹೆಸರುಗಳನ್ನು ನಾನು ಒಂದೆರಡು ಸಲ ಹೇಳಿಕೊಟ್ಟು, ಗುಂಡಿ ಒತ್ತುವುದನ್ನು ತೋರಿಸಿ, ಪಡಸಾಲೆಗೆ ಬಂದು ದೊಡ್ಡಪ್ಪನ ಪಕ್ಕ ಕೂತೆ. ಒಳಗಿನಿಂದ ಕೇಳುತ್ತಿತ್ತು.

"ಹಂ… ಪಿ."

"ಹ್ಞೂಂ," ಎಂದಿತು ಡಬ್ಬಿ.

"ಕಂ… ಪ್ಲಿ."

"ಹ್ಞೂಂ. ಆಮ್ಯಾಲೆ?"

ಇಬ್ಬರೂ ಚೆನ್ನಾಗಿ ಹೊಂದಿಕೊಂಡಿದ್ದರು. ಆದರೆ ದೊಡ್ಡವ್ವ ಸಂಸಾರ ಮಾಡಿದ ಹೆಂಗಸು. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳಿಗೆ ಅನುಮಾನ ಬಂತು. ಕಾರ್ಡು ಎತ್ತಿ, ದನಿ ಏರಿಸಿ ಓದಿದಳು:

"ಲಂಡನ್!"

"ಹ್ಞೂಂ," ಎಂದಿತು ಡಬ್ಬಿ, ಹಾವು ಹೆಡೆ ಎತ್ತಿದ ಹಾಗೆ.

ಒಳಗೆ ನಗು ಕೇಳಿಸಿತು. ಪಕ್ಕದಲ್ಲಿ ದೊಡ್ಡಪ್ಪ ಮದುವೆಯಾದಾಗಿನ ಮೌನವನ್ನು ಸ್ವಲ್ಪ ಸಡಿಲಿಸಿ ಮೂಗಿನಲ್ಲಿ ಏನೋ ಸದ್ದು ಮಾಡಿದರು. ನಾನು ಮಾತ್ರ ನಗಲಿಲ್ಲ. ಸರಿ ತಪ್ಪು ತಿಳಿಯದ ಯಂತ್ರ ಯಾರಿಗೆ ಏನು ಕಲಿಸೀತು? ವಿಶ್ವವಿದ್ಯಾಲಯದಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ನಾನು ಎದ್ದು ನಿಂತು ನೀರು ಕುಡಿಯುತ್ತಿದ್ದೆ. ಒಳಗೆ ಹೋದೆ. ದೊಡ್ಡವ್ವ ಕಾರ್ಡನ್ನು ಮತ್ತೆ ಕೈಗೆತ್ತಿಕೊಂಡಿದ್ದಳು. ಡಬ್ಬಿ ತನ್ನ ಪಾಡಿಗೆ ಹ್ಞೂಂ ಎನ್ನುತ್ತಿತ್ತು.

"ಇದಕ್ಕ ಏನೂ ತಿಳಿಯಂಗಿಲ್ಲಲೇ," ಎಂದಳು.

"ಹೌದು, ಅದೊಂದು ತೊಂದರೆ…"

"ನಾ ಏನ್ ಹೇಳಿದ್ರೂ ನಂಬತೈತಿ." ಡಬ್ಬಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಪಾಪ. ಇದರ ಮುಂದ ಸುಳ್ಳ ಹೇಳಬಾರದು. ತಿರುಗ ಹಚ್ಚು, ಆ ಕಾರ್ಡ್ ಸರಿ ಓದ್ತೀನಿ."

ತಿರುಗಿ ಹಚ್ಚಿದೆ. ಅವಳು ಬೆರಳಿಟ್ಟು ಓದಿದಳು. ಸಂದೇಹ ಬಂದಲ್ಲಿ ನಿಂತು, ಹಿಂದಿನ ಕಾರ್ಡಿನಲ್ಲಿ ಅಂಥದೇ ಅಕ್ಷರ ಹುಡುಕಿ, ಖಾತ್ರಿಯಾದ ಮೇಲೆಯೇ ಬಾಯಿಬಿಟ್ಟಳು. ನಾನು ವರ್ಷಗಟ್ಟಲೆ ಅಳೆದ ಮೌನ ಅದೇ. ಆದರೆ ಈ ಸಲ ಅದನ್ನು ಬಿಟ್ಟವಳು ಅವಳು. ನನ್ನ ಸ್ಟಾಪ್‌ವಾಚು ಆಫೀಸಿನಲ್ಲಿತ್ತು, ಇದ್ದಿದ್ದರೂ ಒತ್ತುತ್ತಿರಲಿಲ್ಲ.

"ನೀನೂ ಹಿಂಗ ಇದ್ದಿ," ಎಂದಳು ಕೊನೆಗೆ. "ಏನ್ ಹೇಳಿದ್ರೂ ಹ್ಞೂಂ. ನಿನ್ನ ಸಲುವಾಗಿ ಎಷ್ಟ್ ಕತಿ ನೆಪ್ಪಿಟ್ಕೋಬೇಕಾತು ನಂಗ. ಒಂದು ದಿನ ರಾಜಾನ ಕುದುರಿ ಬಿಳೇದು ಅಂದು, ಮರುದಿನ ಕರೇದು ಅನ್ನಾಕ ಮನಸು ಬರತಿರಲಿಲ್ಲ."

ಅದಾದ ಮೇಲೆ ನಾನು ಹೇಳಿಕೊಡುವುದು ಹೆಚ್ಚಿರಲಿಲ್ಲ. ಕಾರ್ಡುಗಳಲ್ಲಿ ಅವಳು ಓದದೆ ಬಿಟ್ಟದ್ದು ಒಂದೇ. ಅದು ಕೈಗೆ ಬಂದಾಗಲೆಲ್ಲ ಮಗುಚಿ ಕೆಳಗಿಡುತ್ತಿದ್ದಳು. "ಮರಿಯಮ್ಮನಹಳ್ಳಿ. ಭಾಳ ಉದ್ದ ಐತಿ," ಎನ್ನುತ್ತಿದ್ದಳು. ಓದದೆ ಅದು ಅದೇ ಊರೆಂದು ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ. ಆ ಊರಿನ ಮೇಲೆ ಅವಳಿಗಿದ್ದ ಸಿಟ್ಟು ಇನ್ನೂ ಆರಿರಲಿಲ್ಲ.

ಅಣ್ಣನ ಮುಂದೆ ಓದಿ ತೋರಿಸುವ ದಿನವನ್ನು ಅವಳೇ ಗೊತ್ತು ಮಾಡಿದಳು: ಆಯುಧಪೂಜೆಯ ಮರುದಿನ. ಹಬ್ಬಕ್ಕೆ ಅಂಗಡಿ ಮುಚ್ಚಿರುತ್ತದೆ, ಮಗನಿಗೆ ನೆವ ಇರುವುದಿಲ್ಲ. ಆ ದಿನ ಊರಿನ ಬಸ್ಸುಗಳೆಲ್ಲ ಹೇಗಿರುತ್ತವೆಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದರೆ ಒಂದೂ ಬಸ್ಸಿನ ಮೇಲೆ ಧೂಳಿನ ಕಣವಿಲ್ಲ. ಎಲ್ಲವೂ ತೊಳೆದು, ಬಾಳೆಕಂಬ ಕಟ್ಟಿ, ಚೆಂಡುಹೂವು ಏರಿಸಿಕೊಂಡು ಅಣ್ಣತಮ್ಮಂದಿರ ಹಾಗೆ ಸಾಲಾಗಿ ನಿಂತಿದ್ದವು.

"ಹ್ಞಾಂ, ಹೇಳು ಯವ್ವಾ," ಎಂದ ಅಣ್ಣ, ಕೈಕಟ್ಟಿ ನಿಂತು. "ಸಂಡೂರು ಯಾವುದು?"

ದೊಡ್ಡವ್ವ ಉಂಡೆಯ ಗಂಟು ಹಿಡಿದು ಸಾಲಿನ ಮುಂದೆ ನಡೆದಳು. ಕಂಪ್ಲಿಯನ್ನು ದಾಟಿದಳು. ಕಮಲಾಪುರದ ಮುಂದೆ ಒಂದಿಷ್ಟು ನಿಂತು, ತಲೆ ಅಲ್ಲಾಡಿಸಿ ದಾಟಿದಳು. ಮುಂದಿನದರ ಬೋರ್ಡಿನ ಮೇಲೆ ದಪ್ಪ ಹೂವಿನ ಹಾರ ಇಳಿಬಿದ್ದಿತ್ತು. "ರು" ಒಂದೇ ಕಾಣುತ್ತಿತ್ತು. ಅವಳು ನಿಂತಳು. ನಮ್ಮ ರಾಜ್ಯದಲ್ಲಿ "ರು"ಕಾರದಿಂದ ಮುಗಿಯುವ ಊರುಗಳಿಗೆ ಕೊರತೆಯಿಲ್ಲ.

ಯಾರನ್ನೂ ಏನೂ ಕೇಳದ ಹೆಂಗಸು ತಲೆ ಎತ್ತಿ ಡ್ರೈವರನನ್ನು ಕೂಗಿದಳು.

"ಏ ತಮ್ಮಾ, ಆ ಹಾರ ಸ್ವಲ್ಪ ಸರಸೋ. ಬೋರ್ಡ್ ಓದಬೇಕು."

ಡ್ರೈವರು ಕೈಚಾಚಿ ಹಾರ ಸರಿಸಿದ. ಅವಳು ಗಾಳಿಯಲ್ಲಿ ಬೆರಳಿಟ್ಟು ಶುರು ಮಾಡಿದಳು.

"ಸಂ."

ಓದಿ ನಿಂತುಬಿಟ್ಟಳು. ಅಣ್ಣ ನನ್ನ ಮುಖ ನೋಡಿದ. ಮುಂದಿನದು ಬರುವುದಿಲ್ಲ ಎಂದುಕೊಂಡನೋ ಏನೋ, ಅವನ ಮುಖದಲ್ಲಿ ಗೆದ್ದವನ ಕಳೆಯೇನೂ ಇರಲಿಲ್ಲ. ಬಿದ್ದವಳನ್ನು ಎತ್ತಲು ಬರುವವನ ಹಾಗೆ ಒಂದು ಹೆಜ್ಜೆ ಮುಂದಿಟ್ಟ. ಆಗ ನನಗೆ ಹೊಳೆಯಿತು, ಅವಳು ಯಾವುದಕ್ಕೆ ಕಾಯುತ್ತಿದ್ದಾಳೆಂದು.

"ಹ್ಞೂಂ," ಎಂದೆ.

"ಡೂ."

"ಹ್ಞೂಂ."

"ರು."

ಈ ಸಲ ಹ್ಞೂಂ ಎಂದದ್ದು ನಾನಲ್ಲ, ಅಣ್ಣ. ಅವನೂ ಅವಳ ಕತೆಗಳನ್ನು ಕೇಳಿಯೇ ಬೆಳೆದವನು. ಬಾಯಿ ತಾನಾಗಿ ಆಡಿತ್ತು. ಆಮೇಲೆ ಕೆಮ್ಮಿ, "ಟಿಕೆಟ್ ನಾ ತೆಗಸ್ತೀನಿ" ಎಂದ.

"ಬ್ಯಾಡ ಹೋಗು, ಹಬ್ಬದ ದಿನ ಮನ್ಯಾಗ ಕುಂದ್ರು," ಎಂದು ಅವಳು ಗಂಟು ಎತ್ತಿ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತು, ಸೆರಗು ಸರಿಮಾಡಿಕೊಂಡು ನಮ್ಮ ಕಡೆ ನೋಡದೆ ಮುಂದೆ ನೋಡಿದಳು. ಬಸ್ಸು ಹೊರಡುವ ಮೊದಲು ಕಂಡಕ್ಟರು ಅವಳ ಬಳಿ ಬಂದು, "ಎಲ್ಲಿಗ್ರೀ ಅಮ್ಮಾ?" ಎಂದು ಕೇಳಿದ್ದು ನಮಗೂ ಕೇಳಿಸಿತು.

"ಯಾಕೋ ತಮ್ಮಾ," ಎಂದಳು ದೊಡ್ಡವ್ವ, ಬಸ್ಸಿಗೆಲ್ಲ ಕೇಳುವ ಹಾಗೆ, "ಬೋರ್ಡ್ ನೋಡಿ ಹತ್ತಿಲ್ಲೇನು ನೀನು?"